ಲಕ್ಕಿ ಡ್ರಾ, ಸ್ಕೀಮ್, ಚೀಟಿ, ಕೂಪನ್: ಕಾನೂನಿನ ಲೆಕ್ಕದಲ್ಲಿ ಯಾವುದು ಲಾಟರಿ?

ಗಣೇಶ ಹಬ್ಬಕ್ಕೆ ಇನ್ನೊಂದು ತಿಂಗಳಿರುವಾಗ ಯುವಕ ಸಂಘದವರು ಮನೆಮನೆಗೆ ತರುವ ಕೂಪನ್ ಪುಸ್ತಕವನ್ನು ಎಲ್ಲರೂ ನೋಡಿರುತ್ತೀರಿ. ನಡುವೆ ಸಣ್ಣ ತೂತುಗಳ ಗೆರೆ. ಎಡಗಡೆ ನಿಮ್ಮ ಹೆಸರು, ಮೊಬೈಲ್ ನಂಬರ್ ಬರೆದು ಅವರೇ ಇಟ್ಟುಕೊಳ್ಳುವ ಕೌಂಟರ್‌ಫಾಯಿಲ್, ಬಲಗಡೆ ಹರಿದು ನಿಮ್ಮ ಕೈಗೆ ಕೊಡುವ ಚೀಟಿ. ಅದರ ಮೇಲೆ ‘ಪ್ರಥಮ ಬಹುಮಾನ ಬೈಕ್, ದ್ವಿತೀಯ ಫ್ರಿಜ್, ತೃತೀಯ ಟಗರು’, ಕೆಳಗೆ ಸಣ್ಣಕ್ಷರದಲ್ಲಿ ‘ಸಹಾಯಧನ ರೂ. 100’. ಲಾಟರಿ ಅನ್ನುವ ಮಾತು ಎಲ್ಲೂ ಇಲ್ಲ. ಆದರೂ ಕಾನೂನಿನ ಲೆಕ್ಕದಲ್ಲಿ ಅದು ಲಾಟರಿಯೇ.

ಇದಕ್ಕೆ ತಿರುವುಮುರುವಾದದ್ದೂ ಇದೆ. ಆರ್‌ಟಿಇ ಸೀಟನ್ನು ‘ಲಾಟರಿ ಮೂಲಕ’ ಹಂಚಿದರು ಅನ್ನುತ್ತೇವೆ, ಆಶ್ರಯ ಮನೆಗೂ ‘ಲಾಟರಿ ಎತ್ತಿದರು’ ಅನ್ನುತ್ತೇವೆ. ಅಲ್ಲಿ ಮಾತು ಲಾಟರಿ, ಕಾನೂನಿನಲ್ಲಿ ಅಲ್ಲ. ಅರ್ಹರು ಹೆಚ್ಚು, ಇರುವುದು ಕಡಿಮೆ ಎಂದಾಗ ಯಾರಿಗೆ ಮೊದಲು ಎಂದು ಚೀಟಿ ಎತ್ತಿ ತೀರ್ಮಾನಿಸುವ ಕ್ರಮ ಅದು. ಆ ಚೀಟಿಗೆಂದು ಯಾರೂ ದುಡ್ಡು ಕಟ್ಟಿರುವುದಿಲ್ಲ.

ಹಾಗಾಗಿ ಹೆಸರು ನೋಡಿ ಲಾಟರಿ ಹೌದೋ ಅಲ್ಲವೋ ಎನ್ನಲಾಗದು. ನೋಡಬೇಕಾದದ್ದು ದುಡ್ಡಿನ ಜಾಡು.

ಮೊದಲು ಕೇಳಬೇಕಾದ ಮೂರು ಪ್ರಶ್ನೆ

ಕೈಯಲ್ಲಿರುವ ಕೂಪನ್ನನ್ನೋ ಸ್ಕೀಮ್ ಕಾರ್ಡನ್ನೋ ಎದುರಿಗಿಟ್ಟುಕೊಂಡು ಮೂರು ಪ್ರಶ್ನೆ ಕೇಳಿ. ಬಹುಮಾನ ಇದೆಯೇ? ಅದು ಯಾರಿಗೆ ಎಂಬುದನ್ನು ಅದೃಷ್ಟ ನಿರ್ಧರಿಸುತ್ತದೆಯೇ? ಆ ಅವಕಾಶಕ್ಕಾಗಿ ಭಾಗವಹಿಸುವವರು ಏನಾದರೂ ಕೊಡುತ್ತಾರೆಯೇ? ಮೂರಕ್ಕೂ ಹೌದು ಎಂದಾದರೆ ಅದು ಲಾಟರಿ. ಒಂದಕ್ಕೆ ಖಚಿತವಾಗಿ ಇಲ್ಲ ಎಂದಾದರೆ ಸಾಮಾನ್ಯವಾಗಿ ಲಾಟರಿ ಅಲ್ಲ, ಬೇರೆ ಕಾನೂನಿಗೆ ಸಿಕ್ಕಬಹುದು ಅಷ್ಟೆ.

1998ರ ಲಾಟರಿ ನಿಯಂತ್ರಣ ಕಾಯ್ದೆಯ 2ನೇ ಕಲಂ ಹೇಳುವುದೂ ಇದನ್ನೇ: ಯಾವುದೇ ರೂಪದಲ್ಲಿರಲಿ, ಯಾವುದೇ ಹೆಸರಿನಿಂದ ಕರೆಯಲಿ, ಟಿಕೆಟ್ ಕೊಂಡು ಬಹುಮಾನದ ಅವಕಾಶದಲ್ಲಿ ಪಾಲ್ಗೊಂಡವರಿಗೆ ಚೀಟಿ ಎತ್ತಿ ಇಲ್ಲವೇ ಅದೃಷ್ಟದ ಮೇಲೆ ಬಹುಮಾನ ಹಂಚುವ ಯೋಜನೆ. ‘ಯಾವುದೇ ಹೆಸರಿನಿಂದ’ ಎಂಬ ಮಾತನ್ನು ಗಮನಿಸಿ. ಸಹಾಯಧನ, ದೇಣಿಗೆ, ಸದಸ್ಯತ್ವ ಶುಲ್ಕ ಎಂದು ಅಚ್ಚು ಹಾಕಿಸಿ ಪಾರಾಗುತ್ತೇವೆಂದುಕೊಳ್ಳುವವರಿಗೆ ಬಾಗಿಲು ಅಲ್ಲೇ ಮುಚ್ಚಿದೆ.

ಬಹುಮಾನದ ಪ್ರಶ್ನೆಯಲ್ಲಿ ಗೊಂದಲ ಕಡಿಮೆ. ನಗದಾಗಲಿ, ವಸ್ತುವಾಗಲಿ, ಪ್ರವಾಸವಾಗಲಿ, ಬೆಲೆಬಾಳುವುದೆಲ್ಲ ಬಹುಮಾನ. ಎಡವುವುದು ಉಳಿದೆರಡರಲ್ಲಿ.

ದುಡ್ಡು ಎಲ್ಲಿ ಅಡಗಿದೆ?

‘ನಾವು ಕೂಪನ್ ಮಾರುವುದಿಲ್ಲ, ಸಾಮಾನು ಕೊಂಡವರಿಗೆ ಉಚಿತವಾಗಿ ಕೊಡುತ್ತೇವೆ’ ಎನ್ನುವುದು ಅಂಗಡಿಯವರ ಮಾಮೂಲಿ ಉತ್ತರ. ಇದು ಹಳೇ ವಾದ. ಇಂಗ್ಲೆಂಡಿನಲ್ಲಿ 1883ರಲ್ಲಿ ಟೀ ಪುಡಿ ಪೊಟ್ಟಣದೊಳಗೆ ಬಹುಮಾನದ ಕೂಪನ್ ಇಟ್ಟು ಮಾರಿದವನೂ, ಪುಡಿ ಕೊಟ್ಟ ಬೆಲೆಗೆ ಸರಿಯಾಗಿಯೇ ಇದೆ, ಕೂಪನ್ ಬಿಟ್ಟಿ ಎಂದಿದ್ದ. ನ್ಯಾಯಾಲಯ ಒಪ್ಪಲಿಲ್ಲ. ಗಿರಾಕಿ ಕೊಟ್ಟ ದುಡ್ಡು ಪುಡಿಗೂ ಹೌದು, ಅವಕಾಶಕ್ಕೂ ಹೌದು, ಹಾಗಾಗಿ ಅದು ಲಾಟರಿ ಎಂದಿತು.

ನಮ್ಮಲ್ಲಿ ಇದೇ ಪ್ರಶ್ನೆ ಎಸ್‌ಎಂಎಸ್ ಕಾಲದಲ್ಲಿ ಬಂತು. 2007ರ ‘ಕೌನ್ ಬನೇಗಾ ಕರೋಡ್‌ಪತಿ’ ಪ್ರಸಾರದ ವೇಳೆ ವೀಕ್ಷಕರು ಒಂದು ಪ್ರಶ್ನೆಗೆ ಎಸ್‌ಎಂಎಸ್‌ನಲ್ಲಿ ಉತ್ತರ ಕಳಿಸಬೇಕಿತ್ತು, ಸರಿಯುತ್ತರ ಕೊಟ್ಟವರಲ್ಲಿ ಒಬ್ಬರಿಗೆ ಬಹುಮಾನ. ಒಂದು ಎಸ್‌ಎಂಎಸ್‌ಗೆ 2 ರೂಪಾಯಿ 40 ಪೈಸೆ, ಮಾಮೂಲಿ ದರಕ್ಕಿಂತ ಹೆಚ್ಚು. ಬಹುಮಾನದ ದುಡ್ಡು ಈ ಹೆಚ್ಚುವರಿ ಹಣದಿಂದಲೇ ಬಂದಿದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ 1 ಕೋಟಿ ರೂಪಾಯಿ ದಂಡನೀಯ ಪರಿಹಾರ ವಿಧಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಬಹುಮಾನದ ಹಣ ಎಸ್‌ಎಂಎಸ್ ಗಳಿಕೆಯಿಂದಲೇ ಬಂತು ಎನ್ನಲು ದಾಖಲೆ ಇರಲಿಲ್ಲ ಎಂಬುದು ಕಾರಣ. ಎರಡೂ ತೀರ್ಪು ಹುಡುಕಿದ್ದು ಒಂದನ್ನೇ: ಬಹುಮಾನಕ್ಕೆ ದುಡ್ಡು ಯಾರ ಜೇಬಿನಿಂದ ಬಂತು? ನೀವೂ ಹುಡುಕಬೇಕಾದದ್ದು ಅದನ್ನೇ.

ಹಾಗಾಗಿ ಪರೀಕ್ಷಿಸುವಾಗ ಇವನ್ನು ನೋಡಿ: ಸ್ಕೀಮ್ ಶುರುವಾದ ಮೇಲೆ ಸಾಮಾನಿನ ಬೆಲೆ ಏರಿದೆಯೇ? ಕೂಪನ್ ಬೇಡ ಎಂದವರಿಗೆ ಬೆಲೆ ಕಡಿಮೆಯೇ? ಕೊಳ್ಳದೆಯೂ ಹೆಸರು ಹಾಕಲು ದಾರಿ ಇದೆಯೇ? ‘ಪ್ರೊಸೆಸಿಂಗ್ ಶುಲ್ಕ’, ‘ಫಾರ್ಮ್ ಶುಲ್ಕ’ ಎಂದು ಹತ್ತಿಪ್ಪತ್ತು ರೂಪಾಯಿ ಎಳೆಯುತ್ತಿದ್ದಾರೆಯೇ? ಹತ್ತು ರೂಪಾಯಿಯೂ ಪ್ರತಿಫಲವೇ, ಅಂದರೆ ಅವಕಾಶಕ್ಕೆ ಕೊಟ್ಟ ಬೆಲೆಯೇ. ಮೊತ್ತ ಚಿಕ್ಕದು ಎಂಬ ಕಾರಣಕ್ಕೆ ಕಾನೂನು ಕಣ್ಣು ಮುಚ್ಚುವುದಿಲ್ಲ.

ಬುದ್ಧಿಯೋ ಅದೃಷ್ಟವೋ?

ಈ ಪ್ರಶ್ನೆಗೆ ದೇಶಕ್ಕೆಲ್ಲ ಆಧಾರವಾದ ತೀರ್ಪಿನ ಬೇರು ಬೆಂಗಳೂರಿನಲ್ಲಿದೆ. ಇಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ‘ಆರ್‌ಎಂಡಿಸಿ’ ಎಂಬ ಹೆಸರಿನ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಬೊಂಬಾಯಿ ರಾಜ್ಯದಿಂದಲೂ ಜನ ಶುಲ್ಕ ಕಟ್ಟಿ ಉತ್ತರ ಕಳಿಸುತ್ತಿದ್ದರು. ಆ ರಾಜ್ಯ ತೆರಿಗೆ ಹಾಕಿದಾಗ, ನಮ್ಮದು ವ್ಯಾಪಾರ, ಜೂಜಲ್ಲ ಎಂದು ನಡೆಸುವವರು ಕೋರ್ಟಿಗೆ ಹೋದರು. 1957ರಲ್ಲಿ ಸುಪ್ರೀಂ ಕೋರ್ಟ್, ಗೆಲುವು ಗಣನೀಯ ಪ್ರಮಾಣದಲ್ಲಿ ಕೌಶಲವನ್ನು ಅವಲಂಬಿಸದಿದ್ದರೆ ಅದು ಜೂಜು, ಜೂಜಿಗೆ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದಿತು. ಇಂಥ ಒಗಟು ಸ್ಪರ್ಧೆಗಳಿಗೆಂದೇ ಸಂಸತ್ತು 1955ರಲ್ಲಿ ಬಹುಮಾನ ಸ್ಪರ್ಧೆ ಕಾಯ್ದೆ ತಂದು, ತಿಂಗಳ ಒಟ್ಟು ಬಹುಮಾನಕ್ಕೆ 1,000 ರೂಪಾಯಿ, ಪ್ರವೇಶಗಳಿಗೆ 2,000 ಎಂಬ ಮಿತಿ ಹಾಕಿತ್ತು.

ಇವತ್ತು ಇದನ್ನು ಅನ್ವಯಿಸುವುದು ಹೀಗೆ. ರಂಗೋಲಿ ಸ್ಪರ್ಧೆ, ಪ್ರಬಂಧ ಸ್ಪರ್ಧೆ, ಚೆಸ್ ಟೂರ್ನಿ ಇವುಗಳಿಗೆ ಪ್ರವೇಶ ಶುಲ್ಕ ಇದ್ದರೂ ಲಾಟರಿ ಆಗುವುದಿಲ್ಲ. ಆದರೆ ‘ಕರ್ನಾಟಕದ ರಾಜಧಾನಿ ಯಾವುದು? ಸರಿಯುತ್ತರ ಕಳಿಸಿದವರಲ್ಲಿ ಒಬ್ಬ ಅದೃಷ್ಟಶಾಲಿಗೆ ಕಾರು’ ಎಂದರೆ ಪ್ರಶ್ನೆ ಬರೀ ತೋರಿಕೆಗೆ. ಎಲ್ಲರಿಗೂ ಗೊತ್ತಿರುವ ಉತ್ತರ ಯಾರನ್ನೂ ಸೋಸುವುದಿಲ್ಲ, ಗೆದ್ದವರನ್ನು ಆರಿಸುವುದು ಡಬ್ಬಿಯೊಳಗಿನ ಕೈ. ಅದರ ಜೊತೆ ಶುಲ್ಕವೂ ಸೇರಿತೋ, ಲಾಟರಿ ಪೂರ್ಣವಾಯಿತು. ಸಮಬಲ ಬಂದಾಗ ಚೀಟಿ ಎತ್ತುವ ಸ್ಪರ್ಧೆಗಳೂ ಇಲ್ಲೇ ಜಾರುತ್ತವೆ. ಅಂಥಲ್ಲಿ ಮತ್ತೊಂದು ಸುತ್ತು ಆಡಿಸಿ, ಇಲ್ಲವೇ ಬಹುಮಾನ ಹಂಚಿಬಿಡಿ.

ಕೌಶಲ ಇದ್ದರೆ ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡಬಹುದು ಎಂದು ಇದರಿಂದ ತಿಳಿಯಬೇಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನೇ ಬಿಟ್ಟಿದೆ.

ಮುಂದಿನ ಹೆಜ್ಜೆ: ಕೇಳುತ್ತಿರುವುದು ಯಾವ ಕಾನೂನು?

ವಕೀಲರಲ್ಲದವರು ಬಹುತೇಕ ತಪ್ಪುವುದು ಇಲ್ಲಿ. ಲಾಟರಿಗೆ ಒಂದೇ ಅರ್ಥ ಎಂದುಕೊಳ್ಳುತ್ತಾರೆ. ಅದೇ ಕೂಪನ್ ಒಂದು ಕಾಯ್ದೆಗೆ ಲಾಟರಿ ಅಲ್ಲದಿರಬಹುದು, ಇನ್ನೊಂದಕ್ಕೆ ಹೌದಾಗಬಹುದು.

ಸಂವಿಧಾನದಲ್ಲಿ ಕೇಂದ್ರ ಇಲ್ಲವೇ ರಾಜ್ಯ ಸರ್ಕಾರ ನಡೆಸುವ ಲಾಟರಿ ಕೇಂದ್ರ ಪಟ್ಟಿಯ (ಸಂಸತ್ತು ಕಾನೂನು ಮಾಡುವ ವಿಷಯಗಳ ಪಟ್ಟಿ) 40ನೇ ನಮೂದು, ಉಳಿದ ಜೂಜು ಬಾಜಿಯೆಲ್ಲ ರಾಜ್ಯ ಪಟ್ಟಿಯ 34. ಹೀಗಾಗಿ 1998ರ ಕಾಯ್ದೆ ಮುಖ್ಯವಾಗಿ ಸರ್ಕಾರಿ ಲಾಟರಿಗೆ ಕಡಿವಾಣ: ಒಂದಂಕಿಯ ಮೇಲೆ ಬಹುಮಾನ ಇಡುವಂತಿಲ್ಲ, ಡ್ರಾ ಆ ರಾಜ್ಯದೊಳಗೇ ನಡೆಯಬೇಕು, ಒಂದು ಲಾಟರಿಗೆ ವಾರಕ್ಕೊಂದೇ ಡ್ರಾ, ವರ್ಷಕ್ಕೆ ಆರಕ್ಕಿಂತ ಹೆಚ್ಚು ಬಂಪರ್ ಇಲ್ಲ.

ಖಾಸಗಿಯವರ ಲಾಟರಿಗೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಂ ಇದೆ, ಅಂದರೆ ಹಳೆಯ ದಂಡ ಸಂಹಿತೆಯ 294ಎ. ಸರ್ಕಾರದ್ದಲ್ಲದ, ಸರ್ಕಾರದ ಅನುಮತಿಯೂ ಇಲ್ಲದ ಲಾಟರಿಯ ಡ್ರಾಗೆ ಕಚೇರಿ ಅಥವಾ ಜಾಗ ಇಟ್ಟುಕೊಂಡರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ‘ಈ ನಂಬರ್ ಬಂದರೆ ಇಂಥದ್ದು ಕೊಡುತ್ತೇವೆ’ ಎಂದು ಪ್ರಕಟಿಸುವುದೇ ಬೇರೆ ಅಪರಾಧ, ಅದಕ್ಕೆ 5,000 ರೂಪಾಯಿವರೆಗೆ ದಂಡ. ಮೊದಲು ಹೇಳಿದ ಗಣೇಶ ಕೂಪನ್ ಬಂದು ನಿಲ್ಲುವುದು ಇಲ್ಲಿ. ಡ್ರಾ ಎತ್ತುವ ಮುಂಚೆಯೇ, ಪೋಸ್ಟರ್ ಅಂಟಿಸಿದಾಗಲೇ ತಪ್ಪು ಆಗಿರುತ್ತದೆ. ಇನ್ನು ಮಟ್ಕಾ, ಓಸಿ ಬರೆಯುವುದು ಲಾಟರಿಯಲ್ಲ, ಅದಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆ. ಆ ಕಾಯ್ದೆಯ ‘ಜೂಜು’ ಎಂಬ ವ್ಯಾಖ್ಯೆ ಲಾಟರಿಯನ್ನು ಹೊರಗಿಟ್ಟಿದೆ.

ಆದಾಯ ತೆರಿಗೆಯವರ ಬಲೆ ಎಲ್ಲಕ್ಕಿಂತ ಅಗಲ. ಯಾವುದೇ ಹೆಸರಿನ ಯೋಜನೆಯಲ್ಲಿ ಚೀಟಿ ಎತ್ತಿಯೋ ಅದೃಷ್ಟದಿಂದಲೋ ಬೇರೆ ರೀತಿಯಲ್ಲೋ ಬಂದ ಬಹುಮಾನ ಅವರಿಗೆ ಲಾಟರಿಯೇ. ಟಿಕೆಟ್ ಕೊಂಡಿರಬೇಕೆಂಬ ಷರತ್ತೇ ಇಲ್ಲ. ಗ್ರಾಹಕ ರಕ್ಷಣಾ ಕಾಯ್ದೆ, 2019 ಇನ್ನೊಂದು ದಿಕ್ಕಿನಿಂದ ಬರುತ್ತದೆ: ಮಾರಾಟ ಹೆಚ್ಚಿಸಲೆಂದು ಲಾಟರಿ, ಅದೃಷ್ಟದಾಟ ನಡೆಸುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ, ಫಲಿತಾಂಶ ಮುಚ್ಚಿಡುವುದನ್ನೂ ಹಾಗೇ ಎನ್ನುತ್ತದೆ.

ಲಕ್ಕಿ ಸ್ಕೀಮ್: ಲೆಕ್ಕ ಹಾಕಿ ನೋಡಿ

ಕರಾವಳಿಯಲ್ಲಿ ಹೆಚ್ಚು, ಈಗ ಎಲ್ಲ ಕಡೆ ಕಾಣುವ ಬಗೆ ಇದು. ತಿಂಗಳಿಗೆ 1,000 ರೂಪಾಯಿಯಂತೆ 20 ಕಂತು, ಪ್ರತಿ ತಿಂಗಳು ಡ್ರಾ, ಗೆದ್ದವರು ಮುಂದಿನ ಕಂತು ಕಟ್ಟಬೇಕಿಲ್ಲ, ಗೆಲ್ಲದವರಿಗೆ ಕೊನೆಗೆ ಕಟ್ಟಿದಷ್ಟೂ ದುಡ್ಡು ಅಥವಾ ಅಷ್ಟೇ ಬೆಲೆಯ ಪೀಠೋಪಕರಣ, ಚಿನ್ನ. ‘ಕಳೆದುಕೊಳ್ಳುವುದು ಏನೂ ಇಲ್ಲ’ ಎಂಬುದೇ ಏಜೆಂಟರ ಮಾತು.

ಸಾವಿರ ಸದಸ್ಯರು, ತಿಂಗಳಿಗೊಬ್ಬ ವಿಜೇತ ಎಂದುಕೊಳ್ಳಿ. ಮೊದಲ ತಿಂಗಳು ಸಾವಿರ ಜನ ಕಟ್ಟುತ್ತಾರೆ, ಎರಡನೇ ತಿಂಗಳು 999, ಇಪ್ಪತ್ತನೇ ತಿಂಗಳು 981. ಒಟ್ಟು ಸಂಗ್ರಹ 1,98,10,000 ರೂಪಾಯಿ. ಕೊನೆಗೆ ಉಳಿದ 980 ಜನಕ್ಕೆ ತಲಾ 20,000 ಕೊಡಬೇಕು: 1,96,00,000. ಕೈಯಲ್ಲಿ ಉಳಿಯುವುದು 2,10,000. ಇಪ್ಪತ್ತು ಬಹುಮಾನ ಒಂದೊಂದು ಲಕ್ಷದ್ದಾದರೂ 20 ಲಕ್ಷ ಬೇಕು. 17,90,000 ಕಡಿಮೆ ಬಿತ್ತು, ಏಜೆಂಟರ ಕಮಿಷನ್, ಕಚೇರಿ ಬಾಡಿಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಈ ತೂತು ಮುಚ್ಚಲು ಇರುವ ದಾರಿ ಮೂರೇ: ಹನ್ನೆರಡು ಸಾವಿರದ ಸೋಫಾವನ್ನು ಇಪ್ಪತ್ತು ಸಾವಿರದ್ದೆಂದು ಕೊಡುವುದು, ಎರಡು ಕಂತು ತಪ್ಪಿದವರ ದುಡ್ಡು ಮುಟ್ಟುಗೋಲು ಹಾಕುವುದು, ಇಲ್ಲವೇ ‘ಸೀಸನ್ 2’ ಶುರುಮಾಡಿ ಆ ದುಡ್ಡಿನಲ್ಲಿ ಮೊದಲನೆಯದನ್ನು ತೀರಿಸುವುದು. ಮೂರನೆಯದು ಎಷ್ಟು ಬೆಳೆದಿರುತ್ತದೋ ಬೀಳುವಾಗ ಅಷ್ಟು ಜನರನ್ನು ಕೆಳಗೆ ಹಾಕಿಕೊಂಡು ಬೀಳುತ್ತದೆ.

ಕಾನೂನಿನಲ್ಲಿ ಇದಕ್ಕೆ ಪ್ರೈಜ್ ಚಿಟ್ ಎಂದು ಹೆಸರು. 1978ರ ಪ್ರೈಜ್ ಚಿಟ್ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯ್ದೆ ಇದನ್ನು ಪೂರ್ತಿ ನಿಷೇಧಿಸಿದೆ. ಗೆದ್ದವರು ಮುಂದೆ ಕಟ್ಟಲಿ ಬಿಡಲಿ, ಕೊನೆಗೆ ದುಡ್ಡು ವಾಪಸ್ ಕೊಡಲಿ ಬಿಡಲಿ, ವ್ಯತ್ಯಾಸವಿಲ್ಲ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ. ಕಾರ್ಡ್ ಅಚ್ಚು ಹಾಕಿದವರಿಗೆ, ಹಂಚಿದವರಿಗೆ ಎರಡು ವರ್ಷದವರೆಗೆ. ಇದು ಬಹಳ ಜನಕ್ಕೆ ಗೊತ್ತಿಲ್ಲ: 3ನೇ ಕಲಂ ಸದಸ್ಯರಾಗಿ ಸೇರುವುದನ್ನೂ ನಿಷೇಧಿಸುತ್ತದೆ. ಪರಿಚಯದವರಿಗೆ ಉಪಕಾರವೆಂದು ಹತ್ತು ಕಾರ್ಡ್ ಹಂಚಿದ ಗೃಹಿಣಿಯೂ ಈ ಪಟ್ಟಿಯಲ್ಲಿ ಬರಬಹುದು.

ಹಾಗಾದರೆ ಚೀಟಿ ವ್ಯವಹಾರ? ಅದು ಲಾಟರಿ ಅಲ್ಲ. ಇಪ್ಪತ್ತು ಜನ ಕೂಡಿ ಹಾಕುವ ಚೀಟಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಸರದಿ ಬಂದೇ ಬರುತ್ತದೆ, ಎತ್ತಿದವರೂ ಕೊನೆಯವರೆಗೆ ಕಂತು ಕಟ್ಟುತ್ತಾರೆ. ಹರಾಜಾಗಲಿ ಚೀಟಿ ಎತ್ತುವುದಾಗಲಿ ತೀರ್ಮಾನಿಸುವುದು ಯಾರಿಗೆ ಮೊದಲು ಎಂಬುದನ್ನು ಮಾತ್ರ. ಅದಕ್ಕೇ 1982ರ ಚಿಟ್ ಫಂಡ್ ಕಾಯ್ದೆ ಎಂಬ ಪ್ರತ್ಯೇಕ ಕಾನೂನು. 2019ರ ತಿದ್ದುಪಡಿಯ ನಂತರ ಫೋರ್‌ಮನ್, ಅಂದರೆ ಚೀಟಿ ನಡೆಸುವವರ ಕಮಿಷನ್ ಮಿತಿ ಶೇ 7. ಲಾಟರಿ ಇಲ್ಲದ ನಮ್ಮ ರಾಜ್ಯದಲ್ಲಿ ಸರ್ಕಾರದ್ದೇ ಆದ ಎಂಎಸ್‌ಐಎಲ್ ಚಿಟ್ ಫಂಡ್ ನಡೆಸುವುದು ಈ ಆಧಾರದ ಮೇಲೆ. ಆದರೆ ಚೀಟಿ ಕಾನೂನುಬದ್ಧ ಅಂದರೆ ಪಕ್ಕದ ಬೀದಿಯವರ ಚೀಟಿಯೂ ಕಾನೂನುಬದ್ಧ ಎಂದಲ್ಲ. ಚಿಟ್ ರಿಜಿಸ್ಟ್ರಾರ್ ಮಂಜೂರಾತಿ ಮತ್ತು ಆ ಗುಂಪಿನ ಒಪ್ಪಂದದ ನೋಂದಣಿ ಕೇಳಿ. ‘ಕಂಪನಿ ರಿಜಿಸ್ಟರ್ ಆಗಿದೆ’ ಎಂಬ ಪ್ರಮಾಣಪತ್ರ ಅದಕ್ಕೆ ಬದಲಿಯಲ್ಲ.

ಗಡಿಯಾಚೆಯ ಟಿಕೆಟ್

ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. ಹೊರರಾಜ್ಯದ ಟಿಕೆಟ್ ಮಾರಾಟವನ್ನು ತಡೆಯುವ ಅಧಿಕಾರ 1998ರ ಕಾಯ್ದೆಯ 5ನೇ ಕಲಮಿನಲ್ಲಿದೆ. ತನ್ನದೂ ಲಾಟರಿ ಇಲ್ಲದ ರಾಜ್ಯ ಮಾತ್ರ ಅದನ್ನು ಬಳಸಬಹುದು ಎಂದು 1999ರಲ್ಲಿ ಬಿ.ಆರ್. ಎಂಟರ್‌ಪ್ರೈಸಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇರಳದಲ್ಲಿ 1967ರಿಂದ ಸರ್ಕಾರಿ ಲಾಟರಿ ಇದೆ. ತಲಪಾಡಿ ದಾಟಿ ಮಂಜೇಶ್ವರದಲ್ಲಿ ಕೊಂಡ ಟಿಕೆಟ್ ಸರಿಯಾದದ್ದೇ, ಗೆದ್ದ ಕರ್ನಾಟಕದವರಿಗೆ ಬಹುಮಾನ ಸಿಗುತ್ತದೆ, 2024ರ ತಿರುವೋಣಂ ಬಂಪರಿನ 25 ಕೋಟಿ ಬಂದದ್ದೂ ಕರ್ನಾಟಕದವರಿಗೇ. ಅದೇ ಟಿಕೆಟನ್ನು ಕಟ್ಟುಕಟ್ಟಾಗಿ ತಂದು ಮಂಗಳೂರಿನಲ್ಲಿ ಮಾರುವಂತಿಲ್ಲ. ಕಾಯ್ದೆ ಮೀರಿದ ಟಿಕೆಟ್ ವ್ಯವಹಾರಕ್ಕೆ ಎರಡು ವರ್ಷದವರೆಗೆ ಸೆರೆ, ಜಾಮೀನುರಹಿತ.

ಅಲ್ಲಿ ಕೊಂಡ ತಕ್ಷಣ ಟಿಕೆಟ್ ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಿ. 5,000 ರೂಪಾಯಿವರೆಗಿನ ಬಹುಮಾನ ಅಂಗಡಿಯಲ್ಲೇ ಸಿಗುತ್ತದೆ. ಅದಕ್ಕೆ ಮೇಲಿನದಕ್ಕೆ 30 ದಿನದೊಳಗೆ ಮೂಲ ಟಿಕೆಟ್ಟನ್ನೇ ಲಾಟರಿ ಕಚೇರಿಗೆ ಇಲ್ಲವೇ ಬ್ಯಾಂಕಿಗೆ ಒಪ್ಪಿಸಬೇಕು. ಕೇರಳ ಲಾಟರಿಗೆ ಆನ್‌ಲೈನ್ ಮಾರಾಟವೇ ಇಲ್ಲ. ವಾಟ್ಸಾಪ್‌ನಲ್ಲಿ ಟಿಕೆಟ್ ಫೋಟೊ ಕಳಿಸಿ ದುಡ್ಡು ಹಾಕಿಸಿಕೊಳ್ಳುವವರು ನಿಮಗೆ ಮಾರುತ್ತಿರುವುದು ಫೋಟೊವನ್ನು.

ನೀವೇ ಡ್ರಾ ಇಡಬೇಕೆಂದಿದ್ದರೆ

ಸಂಘಕ್ಕಾದರೆ ಸುಲಭ ದಾರಿ, ದೇಣಿಗೆಯನ್ನೂ ಡ್ರಾವನ್ನೂ ಪೂರ್ತಿ ಬೇರೆ ಮಾಡುವುದು. ದೇಣಿಗೆಗೆ ರಸೀದಿ ಪುಸ್ತಕ, ಅದರಲ್ಲಿ ನಂಬರಿನ ಡ್ರಾ ಇಲ್ಲ. ಡ್ರಾಗೆ ಪೆಂಡಾಲಿನಲ್ಲೊಂದು ಡಬ್ಬಿ, ಬಂದವರು ಯಾರಾದರೂ ಹೆಸರು ಬರೆದು ಹಾಕಬಹುದು, ದೇಣಿಗೆ ಕೊಟ್ಟವರಿಗೆ ಎರಡು ಚೀಟಿ ಎಂಬ ವಿನಾಯಿತಿಯೂ ಬೇಡ. ಬಹುಮಾನವನ್ನು ಒಬ್ಬ ಪ್ರಾಯೋಜಕರಿಂದ ಪಡೆಯಿರಿ. ಸಂಗ್ರಹ ಕಡಿಮೆಯಾಗುತ್ತದೆ, ನಿಜ. ಜನ ನೂರು ರೂಪಾಯಿ ಕೊಡುತ್ತಿದ್ದದ್ದು ಬೈಕಿಗಾಗಿಯೇ ಎಂಬುದು ಆಗ ಗೊತ್ತಾಗುತ್ತದೆ, ಕಾನೂನು ಹೇಳುತ್ತಿದ್ದದ್ದೂ ಅದನ್ನೇ.

ಅಂಗಡಿಯವರು ಕೊಳ್ಳದವರಿಗೂ ಕೂಪನ್ ಕೊಡಿ, ಬೆಲೆ ಏರಿಸಬೇಡಿ, ಬಹುಮಾನದ ಖರ್ಚನ್ನು ಜಾಹೀರಾತು ಖರ್ಚಿನಲ್ಲಿ ಬಿಲ್ ಸಮೇತ ತೋರಿಸಿ. ಅವಧಿ, ಬಹುಮಾನದ ಸಂಖ್ಯೆ ಮತ್ತು ಬೆಲೆ, ಡ್ರಾ ದಿನ, ಜಾಗ ಎಲ್ಲವನ್ನೂ ಮೊದಲೇ ಅಚ್ಚು ಹಾಕಿಸಿ, ‘ಷರತ್ತು ಅನ್ವಯ’ ಎಂದು ಬಿಡಬೇಡಿ. ಡ್ರಾ ಎಲ್ಲರೆದುರು ಮಾಡಿ ವಿಡಿಯೊ ಇಡಿ. ಜಾಹೀರಾತು ಯಾವ ಪತ್ರಿಕೆಯಲ್ಲಿ ಬಂತೋ ಅದರಲ್ಲೇ ಫಲಿತಾಂಶವನ್ನೂ ಎದ್ದುಕಾಣುವಂತೆ ಹಾಕಿಸಿ. ಇಷ್ಟೆಲ್ಲ ಮಾಡಿದರೂ ಗ್ರಾಹಕ ಆಯೋಗದಲ್ಲಿ ದೂರು ಬಾರದು ಎಂಬ ಭರವಸೆ ಇಲ್ಲ. ಉತ್ತರಿಸಲು ಕೈಯಲ್ಲಿ ಕಾಗದ ಇರುತ್ತದೆ.

ತೆರಿಗೆ ಮರೆತು ಸಿಕ್ಕಿಬೀಳುವವರು ಹೆಚ್ಚು. ಬಹುಮಾನ 10,000 ರೂಪಾಯಿ ಮೀರಿದರೆ ಕೊಡುವವರೇ ಶೇ 30 ಟಿಡಿಎಸ್ ಹಿಡಿಯಬೇಕು. ವಸ್ತುವಾದರೆ, ತೆರಿಗೆ ಕಟ್ಟಿಯಾದ ಮೇಲೆ ಮಾತ್ರ ಕೊಡಬೇಕು. ಒಂದು ಲಕ್ಷದ ಬೈಕ್ ಗೆದ್ದವರಿಂದ 30,000 ಪಡೆದು ಸರ್ಕಾರಕ್ಕೆ ಕಟ್ಟಿದ ನಂತರ ಕೀ. ಇದು ನಿಯಮ, ಮೋಸವಲ್ಲ, ಆದರೆ ಮೊದಲೇ ಅಚ್ಚು ಹಾಕಿಸದಿದ್ದರೆ ಜಗಳ ಖಂಡಿತ. ಗೆದ್ದವರಿಗೆ ಸೆಸ್ ಸೇರಿ ತೆರಿಗೆ ಶೇ 31.2, ಮೊತ್ತ ದೊಡ್ಡದಾದರೆ ಮೇಲೆ ಸರ್‌ಚಾರ್ಜ್. ಟಿಕೆಟಿಗೆ ಹಾಕಿದ ದುಡ್ಡನ್ನು ಕಳೆಯುವಂತಿಲ್ಲ.

ಹೊರದೇಶದ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವದಲ್ಲಿ ರಾಫಲ್ ಇಡುವುದುಂಟು. ಅಲ್ಲೂ ಅದು ಲಾಟರಿಯೇ, ಆದರೆ ದಾರಿ ಇದೆ. ಬ್ರಿಟನ್ನಿನಲ್ಲಿ ಸ್ಥಳೀಯ ಕೌನ್ಸಿಲ್‌ನಲ್ಲಿ ಸಣ್ಣ ಸಂಘದ ಲಾಟರಿ ಎಂದು ನೋಂದಾಯಿಸಿ, ಸಂಗ್ರಹದ ಕನಿಷ್ಠ ಶೇ 20ನ್ನು ಸಂಘದ ಉದ್ದೇಶಕ್ಕೆ ಬಳಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಅಟಾರ್ನಿ ಜನರಲ್ ಕಚೇರಿಯ ನೋಂದಣಿ ಬೇಕು, ಶೇ 90 ಸೇವಾಕಾರ್ಯಕ್ಕೇ ಹೋಗಬೇಕು.

ವಿದೇಶಿ ಲಾಟರಿ ಗೆದ್ದಿದ್ದೀರಿ, ಶುಲ್ಕ ಕಟ್ಟಿ ಎಂಬ ಇಮೇಲ್ ಬಂದರೆ ಮೂರು ಪ್ರಶ್ನೆಯೂ ಬೇಕಿಲ್ಲ. ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಲಾಟರಿ ಟಿಕೆಟಿಗೆಂದು ಭಾರತದಿಂದ ಹೊರಗೆ ಹಣ ಕಳಿಸುವುದೇ ನಿಷಿದ್ಧ. ಆಗಲೇ ಕಳಿಸಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಊರಿನ ಸ್ಕೀಮ್‌ನಲ್ಲಿ ಸಿಕ್ಕಿಕೊಂಡಿದ್ದರೆ ಕಾರ್ಡ್, ಕಂತಿನ ಸಹಿಗಳು, ಯುಪಿಐ ಸ್ಕ್ರೀನ್‌ಶಾಟ್, ಪಾಂಪ್ಲೆಟ್, ಡ್ರಾದ ವಿಡಿಯೊ ಇವನ್ನು ದಿನಾಂಕವಾರು ಜೋಡಿಸಿ ಪೊಲೀಸ್ ಠಾಣೆಗೆ ಕೊಡಿ, ದೂರಿನಲ್ಲಿ 1978ರ ಕಾಯ್ದೆಯ ಜೊತೆಗೆ 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆಯನ್ನೂ ಹೆಸರಿಸಿ. ಕಾರ್ಡಿನ ಮೂಲ ಪ್ರತಿಯನ್ನು ‘ಸೆಟಲ್‌ಮೆಂಟ್’ ಎಂದು ಏಜೆಂಟ್ ಕೇಳಿದರೆ ಜೆರಾಕ್ಸ್ ಮಾತ್ರ ಕೊಡಿ.